ಅಲಮಾರಿಯ ಕೀಲಿಕೈ ಮತ್ತು ಅವತ್ತಿನ ಬೈಗುಳ

ಬಸವಲಿಂಗಪ್ಪನವರು ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ಯಾವ ನಟ್ಟು ಯಾವ ರ‍್ಯಾಕಿನ ಎಷ್ಟನೇ ಖಾನೆಯಲ್ಲಿದೆ ಎಂದು ರಿಜಿಸ್ಟರ್ ನೋಡದೆ ಹೇಳುತ್ತಿದ್ದರು. ನಿವೃತ್ತರಾಗಿ ಆರು ವರ್ಷವಾದರೂ ಆ ನಂಬರುಗಳು ತಲೆ ಬಿಟ್ಟು ಕದಲಿರಲಿಲ್ಲ. ಹೊಸದೇನಾದರೂ ಒಳಗೆ ಬರಬೇಕೆಂದರೆ ಜಾಗವೇ ಇಲ್ಲ ಎಂಬುದು ಹೆಂಡತಿ ಗುಣವತಿಯವರ ದೂರು.

ದಂಪತಿ ಬಸವಲಿಂಗಪ್ಪನವರ ತಂಗಿಯ ಊರಾದ ರಾಯಚೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದ ಮರುದಿನ ಈ ದೂರಿಗೆ ಪುರಾವೆ ಸಿಕ್ಕಿತು. ಸಂಜೆ ನಾಂಪಲ್ಲಿಯಲ್ಲಿ ಒಂದು ಆರತಕ್ಷತೆ. ಗುಣವತಿಯವರ ರೇಷ್ಮೆ ಸೀರೆಗಳೆಲ್ಲ ಅಲಮಾರಿಯೊಳಗೆ. ಅದರ ಕೀಲಿಕೈ ಮಾತ್ರ ನಾಪತ್ತೆ.

“ಹೋಗೋ ಮುಂದ ನೀವೇ ಕೀಲಿ ಹಾಕಿದ್ರಿ. ಕೀಲಿಕೈ ಎಲ್ಲಿಟ್ರಿ?”

“ಭಾಳ ಭದ್ರ ಜಾಗದಾಗ ಐತಿ.”

“ಯಾವ ಜಾಗಾರಿ?”

ಬಸವಲಿಂಗಪ್ಪ ಕಣ್ಣು ಮುಚ್ಚಿದರು. “ಹದಿನೇಳನೇ ರ‍್ಯಾಕು, ನಾಲ್ಕನೇ ಖಾನೆ,” ಎಂದರು. ಒಂದು ಕ್ಷಣ ಬಿಟ್ಟು, “ಅಲ್ಲ, ಅದು ವಾಷರು,” ಎಂದು ತಾವೇ ತಿದ್ದಿಕೊಂಡರು.

ಮಗಳು ವರ್ಷಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. “ನೆನಪು ಒಂಟಿಯಾಗಿ ಕೂತಿರೂದಿಲ್ಲಪ್ಪ. ಆ ಹೊತ್ತಿನ ಸಪ್ಪಳ, ವಾಸನಿ ಎಲ್ಲಾ ಅದರ ಜೋಡಿನ ಇರತಾವ. ಅವತ್ತು ಮುಂಜಾನೆ ಹೆಂಗಿತ್ತೋ ಹಂಗ ಮಾಡೋಣ, ತಾನಽ ಹೊರಗ ಬರತೈತಿ,” ಎಂದಳು.

ಅವತ್ತು ಬಸವಲಿಂಗಪ್ಪ ಅರ್ಧ ಗಡ್ಡ ಬೋಳಿಸಿದ್ದರು. ಪಕ್ಕದ ಮನೆಯ ಆಟೋ ಚಾಲಕ ಶಿವಪ್ರಕಾಶ ದಂಪತಿಯನ್ನು ಸ್ಟೇಷನ್ನಿಗೆ ಬಿಡಲು ತನ್ನ ಆಟೋದಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ. ಗುಣವತಿ ಅಡುಗೆಮನೆಯಿಂದ ಬೈಯುತ್ತಿದ್ದರು. ಈಗ ಬಸವಲಿಂಗಪ್ಪ ಮುಖಕ್ಕೆ ನೊರೆ ಹಚ್ಚಿ ಒಂದು ಕೆನ್ನೆ ಬೋಳಿಸಿಕೊಂಡು ನಿಂತರು. ಸ್ನಾನಕ್ಕೆಂದು ತನ್ನ ಮನೆಗೆ ಬಂದಿದ್ದ ಶಿವಪ್ರಕಾಶನೂ ಒಪ್ಪಿ ಆಟೋ ಹತ್ತಿದ. ತಕರಾರು ತೆಗೆದವರು ಗುಣವತಿ.

“ನಾ ಅವತ್ತು ಏನೂ ಬೈದಿದ್ದಿಲ್ಲ.”

“ಬೈದಿದ್ದಿ. ‘ರೈಲು ನಿಮ್ಮ ಅಪ್ಪಂದಲ್ಲ, ನಿಮ್ಮ ಗಡ್ಡಕ್ಕ ಕಾಯೂದಿಲ್ಲ. ನಿಮ್ಮ ತಂಗಿ ಅಡಗಿ ಉಣ್ಣಾಕ ಇಷ್ಟು ಸಿಂಗಾರ ಬ್ಯಾರೆ’ ಅಂದಿ,” ಎಂದು ಬಸವಲಿಂಗಪ್ಪ ಒಂದಕ್ಷರ ತಪ್ಪದೆ ಒಪ್ಪಿಸಿದರು.

ಮೊದಲ ಸಲ ಗುಣವತಿ ನಾಚಿಕೊಂಡೇ ಬೈದರು. ವರ್ಷಾ ಇನ್ನೂ ಜೋರು ಬೇಕೆಂದಳು. ಎರಡನೇ ಸಲಕ್ಕೆ ಕಾವೇರಿತು. ಬೈಗುಳ ಹೊಸ ಹೊಸ ವಿಷಯಗಳಿಗೆ ಹರಡಿತು.

“ತಡಿ ತಡಿ, ಇದು ಅವತ್ತಿಂದಲ್ಲ. ಇದು ಹೋದ ದೀಪಾವಳಿದು!” ಎಂದು ಬಸವಲಿಂಗಪ್ಪ ಕೂಗಿದರು.

ಹೊರಗೆ ಹಾರ್ನ್ ಮೊಳಗಿತು. ಬಸವಲಿಂಗಪ್ಪನವರ ಕಾಲುಗಳು ತಾವಾಗಿಯೇ ದೇವರ ಕೋಣೆಗೆ ನಡೆದವು, ಅಲ್ಲಿಂದ ಪಡಸಾಲೆಗೆ, ಅಲ್ಲಿಂದ ನೇರ ಆಟೋಕ್ಕೆ. “ನಡಿ ಶಿವಪ್ರಕಾಶಾ, ನೆನಪು ಬರಾಕತ್ತೈತಿ! ನಿಲ್ಲಿಸಬ್ಯಾಡ!” ಎಂದರು. ಆಟೋ ಹೊರಟೇಹೋಯಿತು.

ಒಳಗೆ ಗುಣವತಿಯವರಿಗೆ ಇದ್ಯಾವುದೂ ಗೊತ್ತಿಲ್ಲ. ಬೈಯುವ ಭರದಲ್ಲಿ ಅವರ ಬಲಗೈ ಮೇಲಿನ ಹಲಗೆಯಿಂದ ಶಾವಿಗೆ ಡಬ್ಬಿ ಇಳಿಸಿ ಮುಚ್ಚಳ ತೆಗೆದಿತ್ತು. ಶಾವಿಗೆಯ ನಡುವೆ ಕೀಲಿಕೈ ಹೊಳೆಯುತ್ತಿತ್ತು. ಬೈಗುಳ ಅರ್ಧಕ್ಕೇ ನಿಂತಿತು.

“ಅವ್ವಾ, ನೀನಽ ಇಟ್ಟಿದ್ದೇನು?”

“ನನ್ನ ಕೈಯಾಗ ಕೊಟ್ಟು ‘ಎಲ್ಲೆರ ಇಡು’ ಅಂದ್ರು. ಎಲ್ಲೆರ ಇಟ್ಟೆ,” ಎಂದರು ಗುಣವತಿ, ಸಣ್ಣ ದನಿಯಲ್ಲಿ.

ವರ್ಷಾ ಅಪ್ಪನಿಗೆ ಫೋನ್ ಮಾಡಿದಳು. ಫೋನು ಫ್ರಿಜ್ಜಿನ ಮೇಲೆಯೇ ರಿಂಗಾಯಿತು.

ಬಸವಲಿಂಗಪ್ಪ ಆ ಹೊತ್ತಿಗೆ ಕಾಚಿಗೂಡ ಸ್ಟೇಷನ್ನಿನ ಮುಂದೆ, ಒಂದು ಕೆನ್ನೆಗೆ ಒಣಗಿದ ನೊರೆ ಹೊತ್ತು, ಕಣ್ಣು ಮುಚ್ಚಿ ನಿಂತಿದ್ದರು. ಏನು ಕಳೆದಿದೆ ಎಂದು ಪೊಲೀಸನೊಬ್ಬ ಹಿಂದಿಯಲ್ಲಿ ವಿಚಾರಿಸಿದ. ಅವರು ಉತ್ತರಿಸುವಷ್ಟರಲ್ಲಿ ಶಿವಪ್ರಕಾಶನ ಫೋನಿಗೆ ವರ್ಷಾಳ ಕರೆ ಬಂತು. ಅವನು ಸುದ್ದಿ ಕೇಳಿ, ನಕ್ಕು, ಅವರನ್ನು ಹತ್ತಿರದ ಕ್ಷೌರದಂಗಡಿಗೆ ಕರೆದೊಯ್ದ. ಅರ್ಧ ಗಡ್ಡಕ್ಕೆ ಎಷ್ಟು ಹೊತ್ತು!

ಮನೆಗೆ ಬಂದಾಗ ನೀಲಿ ರೇಷ್ಮೆ ಸೀರೆ ಹೊರಗೆ ಬಂದಿತ್ತು. ಡಬ್ಬಿ ಹೇಗೂ ತೆರೆದಿತ್ತೆಂದು ಗುಣವತಿ ಶಾವಿಗೆ ಪಾಯಸ ಮಾಡಿದ್ದರು.

“ಕೀಲಿಕೈ ಯಾರು ಇಟ್ಟಿದ್ರು?” ಎಂದು ಬಸವಲಿಂಗಪ್ಪ ಕೇಳಿದರು.

“ಊಟಕ್ಕ ಬರ್ರಿ,” ಎಂದರು ಗುಣವತಿ.

ಬಸವಲಿಂಗಪ್ಪನವರಿಗೆ ಎಲ್ಲ ಅರ್ಥವಾಯಿತು. ಮತ್ತೆ ಕೇಳಲಿಲ್ಲ. ಬಟ್ಟಲು ಮುಂದೆ ಚಾಚಿ ಮೂರು ಸಲ ಪಾಯಸ ಹಾಕಿಸಿಕೊಂಡರು. ಸಕ್ಕರೆ ಕಾಯಿಲೆಯ ನೆನಪು ಆ ದಿನ ಯಾರೂ ಅವರಿಗೆ ಮಾಡಿಕೊಡಲಿಲ್ಲ.