ಖಾಲಿ ಪಟ್ಟಿ ನುಂಗಿದ ಒಂದು ಸಾಲು

ಬೆಳಗಿನ ಜಾವ. ಹಲಸೂರು ಕೆರೆ ಹತ್ತಿರದ ಮನೆಯಲ್ಲಿ ರಮಾಮಣಿ ಫ್ಯಾನ್ ಆರಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ, ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತುತ್ತಾರೆ. ಒತ್ತಿದವರು ಬಾಯಿಗೆ ಬೀಗ ಹಾಕಿದಂತೆ ಕೂರುತ್ತಾರೆ. ಕ್ಯಾಸೆಟ್ಟು ಸುಮ್ಮನೆ ಸುತ್ತುತ್ತದೆ. ಆಮೇಲೆ ಪಿಯುಸಿ ಗಣಿತ ಪುಸ್ತಕದ ಲಿಮಿಟ್ಸ್ ಪಾಠ ಶುರು. ಮೊದಲ ಸಾಲನ್ನು ಎರಡು ಸಲ ಓದುತ್ತಾರೆ.

"ಪಕ್ಕದ ಗಂಗಲಕ್ಷ್ಮಮ್ಮ ನಲ್ಲಿ ಕೆಳಗೆ ಬಿಂದಿಗೆ ಇಡೋಷ್ಟರಲ್ಲಿ ಮುಗಿಸ್ಬೇಕು. ಇಲ್ದಿದ್ರೆ ಲೆಕ್ಕದ ಜೊತೆ ನೀರಿನ ಜಗಳಾನೂ ರೆಕಾರ್ಡ್ ಆಗುತ್ತೆ," ಎಂದು ನಗುತ್ತಾರೆ.

ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ರಮಾಮಣಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠ ಓದಿ ಕ್ಯಾಸೆಟ್ ಮಾಡಲು ಶುರುಮಾಡಿ ಹತ್ತು ವರ್ಷವಾಯಿತು. ಖಾಲಿ ಕ್ಯಾಸೆಟ್‌ಗಳನ್ನು ಶಿವಾಜಿನಗರದಿಂದ ತಾವೇ ಹೊತ್ತು ತರುತ್ತಾರೆ. ಚರಿತ್ರೆ ಓದಿಕೊಡಲು ನಾಲ್ಕು ಜನ ಸಿಗುತ್ತಾರೆ. ಗಣಿತ ಅಂದರೆ ಎಲ್ಲರಿಗೂ ಅಂದೇ ಗಂಟಲು ನೋವು. ಒಪ್ಪಿಕೊಂಡವರು ಇವರೊಬ್ಬರೇ.

ಇಷ್ಟು ಹೇಳುವಾಗ ಹುರುಪಿನಲ್ಲಿದ್ದ ದನಿ, ಶ್ರೀಹರಿಯ ಹೆಸರು ಬಂದೊಡನೆ ಇಳಿಯುತ್ತದೆ.

ಶ್ರೀಹರಿ ಇವರ ಕ್ಯಾಸೆಟ್ ಕೇಳಿಯೇ 1996ರಲ್ಲಿ ಪಿಯುಸಿ ಪಾಸಾದ ಹುಡುಗ. ಗಣಿತದಲ್ಲೇ ಬಿ.ಎಸ್ಸಿ. ಮಾಡಬೇಕೆಂಬ ಹಟ. ಸೀಟು ಕೇಳಲು ಹೋದ ಕಾಲೇಜಿನಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು: ಒಂದು ಫಂಕ್ಷನ್ನಿನೊಳಗೆ ಇನ್ನೊಂದು ಇದೆ. ಒಳಗಿನದು ಎರಡರ ಹತ್ತಿರ ಹತ್ತಿರ ಬರುತ್ತದೆ, ಎರಡನ್ನು ಮುಟ್ಟುವುದಿಲ್ಲ. ಎರಡರ ಆಸುಪಾಸಿನಲ್ಲಿ ಹೊರಗಿನದು ಐದರ ಕಡೆ ಹೋಗುತ್ತದೆ. ಸರಿಯಾಗಿ ಎರಡರಲ್ಲಿ ಮಾತ್ರ ಒಂಬತ್ತಕ್ಕೆ ಹಾರುತ್ತದೆ. ಲಿಮಿಟ್ ಎಷ್ಟು?

ಶ್ರೀಹರಿ ತಡವರಿಸದೆ "ಒಂಬತ್ತು" ಅಂದ. ಒಳಗಿನದರ ಲಿಮಿಟ್ ಕಂಡುಹಿಡಿ, ಅದನ್ನು ಹೊರಗಿನದಕ್ಕೆ ಹಾಕು ಎಂದು ಕ್ಯಾಸೆಟ್ಟೇ ಕಲಿಸಿತ್ತಲ್ಲ! "ತಪ್ಪು. ಹೊರಗಿನದು ಎರಡರಲ್ಲಿ ತುಂಡಾಗಿದೆ, ಹಾಗೆ ಹಾಕೋ ಹಾಗಿಲ್ಲ. ಗ್ರಾಫ್ ಕಾಣದವನಿಗೆ ಇದೆಲ್ಲ ಯಾಕಪ್ಪಾ?" ಎಂದು ಮೇಷ್ಟ್ರು ಬಾಗಿಲು ತೋರಿಸಿದರು.

"ನೇರ ಇಲ್ಲಿಗೇ ಬಂದ. 'ಹೊರಗಿಂದು ಅಲ್ಲಿ ತುಂಡಾಗಿರಬಾರ್ದು ಅಂತ ನೀವು ಹೇಳೇ ಇಲ್ಲ ಆಂಟಿ' ಅಂದ. ಓದಿದ್ದೀನಿ ಕಣೋ, ನಂಗೆ ಚೆನ್ನಾಗಿ ನೆನಪಿದೆ ಅಂದೆ. ಇಬ್ರೂ ಕೂತು ಟೇಪ್ ಹಾಕಿದ್ವಿ."

ಕ್ಯಾಸೆಟ್ಟಿನ ಟೇಪಿಗೆ ಎರಡೂ ತುದಿಯಲ್ಲಿ ಒಂದೊಂದು ತುಂಡು ಬರೀ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದರ ಮೇಲೆ ದನಿ ಕೂರುವುದಿಲ್ಲ. ಆ ಪಾಠ ಓದಿದ ದಿನ ಒಂದು ಮಗ್ಗುಲು ತುಂಬಿತ್ತು. ರಮಾಮಣಿ ತಿರುಗಿಸಿ ಹಾಕಿ, ಗುಂಡಿ ಒತ್ತಿದವರೇ ಓದಲು ಹೊರಟಿದ್ದರು. "ಹೊರಗಿನ ಫಂಕ್ಷನ್ ಆ ಜಾಗದಲ್ಲಿ ತುಂಡಾಗದೆ ಇದ್ದರೆ ಮಾತ್ರ" ಎಂಬ ಸಾಲು ಆ ಪಟ್ಟಿಯ ಪಾಲಾಯಿತು. ಟೇಪಿನಲ್ಲಿ ಕೇಳಿದ್ದು ಬರೀ ಸುಂಯ್ ಸದ್ದು, ಆಮೇಲೆ "ಉದಾಹರಣೆ ಒಂದು".

"ಅವ್ನು ನನ್ನ ಒಂದು ಮಾತೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಾಲೇಜಿನವರ ಬಳಿ ಹೋಗಿ ಬೇಡಿಕೊಂಡರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶ್ರೀಹರಿ ಈಗ ಕೆ.ಆರ್. ಪುರದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹೋದ ತಿಂಗಳು ರಮಾಮಣಿ ಆ ಪಾಠವನ್ನು ಹೊಸದಾಗಿ ಓದಿ, ಕ್ಯಾಸೆಟ್ಟನ್ನೂ ಪುಟ್ಟ ಪ್ಲೇಯರನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದರು.

"ಆ ಸಾಲು ಬಂದಾಗ ತಲೆ ಬಗ್ಗಿಸ್ಕೊಂಡ. 'ಮೇಷ್ಟ್ರ ಲೆಕ್ಕಕ್ಕೆ ಉತ್ತರ ಐದು ಆಂಟಿ' ಅಂದ. ಅಷ್ಟರಲ್ಲಿ ಫೋನ್ ಹೊಡ್ಕೊಳ್ತು, ಎತ್ತಿದ."

ರಮಾಮಣಿ ನಾಳೆಯ ಕ್ಯಾಸೆಟ್ಟಿನ ಹೊದಿಕೆ ಬಿಡಿಸುತ್ತಾರೆ.

"ಸರಿ ಉತ್ತರಾನೇ ಹೇಳ್ದ. ಕೇಳ್ಬೇಕಾದ ಮೇಷ್ಟ್ರು ಇರ್ಲಿಲ್ಲ. ನಾನೊಬ್ಳೇ ಇದ್ದೆ."