ಅಕ್ಕನ ಸ್ಟೂಲು ಇಟ್ಟ ಜಾಗ

ನಮ್ಮ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕಂಪನಿಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಹಾಗೆ ಕೋಪ ಇರುವುದು ನನಗೆ. ಅಕ್ಕ ರೇಗುವುದು ಒಂದೇ ಒಂದು ಕಾರಣಕ್ಕೆ, ಅವಳು ಇಟ್ಟ ಸ್ಟೂಲನ್ನು ಯಾರಾದರೂ ಜರುಗಿಸಿದರೆ. ಕೊನೆಯ ಸಲ ಅದನ್ನು ಜರುಗಿಸಿದವಳು ನಾನೇ. ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಒಳಗಿನ ಉರಿ ಆರುವುದಿಲ್ಲ.

ಸ್ಟೂಲು ಅಪ್ಪನದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಎರಡು ಅಕ್ಷರ ಬರೆದು ಏಣಿ ಇಳಿದು, ರಸ್ತೆ ದಾಟಿ, ಎದುರು ಬದಿಯಲ್ಲಿ ಸ್ಟೂಲು ಹಾಕಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮತ್ತೆ ಏಣಿ ಹತ್ತುವುದು, ಮತ್ತೆ ಇಳಿಯುವುದು. "ನಿನ್ನ ಬೋರ್ಡು ಮುಗಿಯೋದ್ರೊಳಗೆ ನಾನು ಅಂಗಡೀನೇ ಮುಚ್ಚಿರ್ತೀನಿ ಮಾರಾಯ" ಎಂದು ಅಂಗಡಿಯವರು ಕಾಲೆಳೆಯುತ್ತಿದ್ದರು. ಅಪ್ಪ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಓದೋನು ಏಣಿ ಮೇಲೆ ನಿಂತಿರಲ್ಲ ಮಗಳೇ, ರಸ್ತೇಲಿ ನಿಂತಿರ್ತಾನೆ" ಎಂದು ಅಕ್ಕನಿಗೆ ಹೇಳುತ್ತಿದ್ದ. ಅಕ್ಕ ಹದಿನಾಲ್ಕಕ್ಕೆ ಬ್ರಷ್ ಹಿಡಿದಳು. ಅಚ್ಚಿನ ಬೋರ್ಡುಗಳು ಬಂದು ಆ ಕಸುಬು ನೆಲಕಚ್ಚಿದ ಮೇಲೆ, ಕಟ್ಟಡಗಳ ಮೇಲೆ ಬೆಳಕಿನ ಚಿತ್ರ ಬಿಡುವ ಈ ಕಂಪನಿ ಸೇರಿದಳು. ಹೋಗುವಾಗ ಸ್ಟೂಲನ್ನೂ ಒಯ್ದಳು. ನನ್ನನ್ನು ಅಲ್ಲಿನ ಕಂಪ್ಯೂಟರ್ ಮುಂದೆ ಕೂರಿಸಿದವಳೂ ಅವಳೇ.

ದೊಡ್ಡ ಕಟ್ಟಡಕ್ಕೆ ಒಂದು ಪ್ರೊಜೆಕ್ಟರ್ ಸಾಲದು. ಆರು ಇಡುತ್ತೇವೆ, ಒಂದೊಂದನ್ನು ಒಂದೊಂದು ಮೂಲೆಯಲ್ಲಿ. ನೋಡುವವರಿಗೆ ಮಾತ್ರ ಆರೂ ಸೇರಿ ಒಂದೇ ಚಿತ್ರವಾಗಿ ಕಾಣಬೇಕು. ಕಟ್ಟಡದ ಮೈ ಹಾಳೆಯಂತೆ ಸಪಾಟಾಗಿರುವುದಿಲ್ಲವಲ್ಲ. ಕಂಬ ಮುಂದಿರುತ್ತದೆ, ಗೋಡೆ ಹಿಂದಿರುತ್ತದೆ. ಅಕ್ಷರದ ಅರ್ಧ ಕಂಬದ ಮೇಲೆ ಬಿದ್ದರೆ ಇನ್ನರ್ಧ ಗೋಡೆಯ ಮೇಲೆ ಬೀಳುತ್ತದೆ. ಒಂದು ಜಾಗದಿಂದ ಮತ್ತು ಅದರ ಆಸುಪಾಸಿನಿಂದ ನೋಡಿದರೆ ಮಾತ್ರ ಎರಡೂ ಕೂಡಿಕೊಳ್ಳುತ್ತವೆ. ಆ ಜಾಗ ಯಾವುದೆಂದು ಮೊದಲು ಗೊತ್ತುಮಾಡಿ, ಅಲ್ಲಿ ಅಕ್ಕ ಸ್ಟೂಲು ಇಡುತ್ತಾಳೆ. ಅದರ ಮೇಲೆ ಕ್ಯಾಮೆರಾ ಇಟ್ಟರೆ ನನ್ನ ಕಂಪ್ಯೂಟರು ಅಳತೆ ಹಿಡಿದು ಆರೂ ಚಿತ್ರಗಳನ್ನು ಆ ಜಾಗಕ್ಕೆ ಹೊಂದಿಸುತ್ತದೆ. ಉಳಿದ ಕೊಂಕನ್ನು ಅಕ್ಕ ಒಂದು ಕಣ್ಣು ಮುಚ್ಚಿ ಕೂತು, "ಮೂರನೇದು ಕೂದಲೆಳೆಯಷ್ಟು ಎಡಕ್ಕೆ" ಎಂದು ಹೇಳಿ ಹೇಳಿ ತೆಗೆಸುತ್ತಾಳೆ.

ಹಳೆಯ ಆಸ್ಪತ್ರೆಗೆ ನೂರು ವರ್ಷ ತುಂಬಿದಾಗ ಕೆಲಸ ನಮಗೆ ಬಂತು. ಅದೇ ಆಸ್ಪತ್ರೆಯಲ್ಲಿ ಅಮ್ಮ ಮೂವತ್ತೊಂದು ವರ್ಷ ಆಯಾ ಆಗಿದ್ದಳು. ಪ್ರದರ್ಶನದ ಕೊನೆಯಲ್ಲಿ ಗೋಡೆ ತೆರೆದುಕೊಂಡು, ಒಳಗೆ ಅಗಲವಾದ ಮೆಟ್ಟಿಲುಗಳು ಕಾಣುತ್ತವೆ. ಮೆಟ್ಟಿಲು ಮೆಟ್ಟಿಲಿಗೂ ಅಲ್ಲಿ ದುಡಿದವರ ಹೆಸರು. ಮೇಲೆ ಡಾಕ್ಟರುಗಳು, ಕೆಳಗೆ ಆಯಾಗಳು, ಗುಡಿಸುವವರು. ಕೆಳಗಿನಿಂದ ಎರಡನೇ ಮೆಟ್ಟಿಲಿನಲ್ಲಿ ಅಮ್ಮ. ಆ ಹೆಸರಿನವರನ್ನೂ ಅವರ ಮನೆಯವರನ್ನೂ ಎದುರಿನ ಹುಲ್ಲುಹಾಸಿಗೆ ಕರೆದಿದ್ದರು, ಆರುನೂರು ಜನ. ಅಮ್ಮ ಇದಕ್ಕೆಂದೇ ಹೊಸ ಕನ್ನಡಕ ಮಾಡಿಸಿಕೊಂಡಳು. ಅಕ್ಕ ಹುಲ್ಲಿನ ನಡುಮಧ್ಯೆ ಸ್ಟೂಲು ಇಟ್ಟು ಐದು ಸಂಜೆ ಕೂತು ಹೊಂದಿಸಿದಳು.

ಪ್ರದರ್ಶನದ ಹಿಂದಿನ ಸಂಜೆ ಮ್ಯಾನೇಜರ್ ಬಂದ. ಬಂದವನೇ ಮೂಗು ಮುರಿದ.

"ಸ್ಟೂಲು ಇಲ್ಲ್ಯಾಕೆ? ಮುಖ್ಯ ಅತಿಥಿ ಕೂರೋದು ಅಲ್ಲಿ."

ಎಡಗಡೆ ಮೂಲೆಯಲ್ಲಿ, ಕಟ್ಟಡಕ್ಕೆ ಒತ್ತಿಕೊಂಡಂತೆ, ಒಂದು ವೇದಿಕೆ ಕಟ್ಟಿ ಸೋಫಾ ಹಾಕಿದ್ದರು.

"ಸರ್, ಸೋಫಾದಲ್ಲಿ ಕೂರೋರು ಮೂರು ಜನ. ಅಲ್ಲಿಗೆ ಹೊಂದಿಸಿದ್ರೆ ಇಲ್ಲಿರೋರಿಗೆ ಒಂದಕ್ಷರಾನೂ ಓದೋಕೆ ಬರಲ್ಲ" ಎಂದಳು ಅಕ್ಕ.

"ಇಲ್ಲಿರೋರಿಗೆ ಬಣ್ಣ ಬಣ್ಣವಾಗಿ ಏನೋ ಕಂಡ್ರೆ ಸಾಕು ರೀ. ಚಪ್ಪಾಳೆ ಹೊಡೀತಾರೆ."

"ಹಾಗಾದ್ರೆ ಆ ಸೋಫಾನೇ ತಂದು ಹುಲ್ಲಿನ ಮೇಲೆ ಹಾಕಿ."

"ಹುಲ್ಲು ಒದ್ದೆ ಇರುತ್ತೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ದನಿ ಏರಿಸಲಿಲ್ಲ. "ನನ್ನ ಕೈಲಿ ಆಗಲ್ಲ ಸರ್" ಎಂದಳು. "ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡಿ" ಎಂದ ಅವನು, ನನ್ನ ಕಡೆ ತಿರುಗಿ, "ನೀವು ಮಾಡ್ತೀರೋ, ಇಬ್ರೂ ಮನೆಗೆ ಹೋಗ್ತೀರೋ?" ಎಂದು ಕೇಳಿದ.

ದೊಡ್ಡ ಬಾಯಿಯವಳು ನಾನು. ಆದರೂ ಇಬ್ಬರಿಗೂ ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡು ಸ್ಟೂಲನ್ನು ಎತ್ತಿ ವೇದಿಕೆಗೆ ಒಯ್ದೆ, ಸೋಫಾದ ಮುಂದಿಟ್ಟು ಅಳತೆ ಹಿಡಿದು ಆರೂ ಚಿತ್ರಗಳನ್ನು ಅಲ್ಲಿಗೆ ಹೊಂದಿಸಿದೆ. ಅಕ್ಕ ನೋಡುತ್ತ ನಿಂತಿದ್ದಳು. ಅವಳು ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಕತ್ತಲಾದ ಮೇಲೆ ಪ್ರದರ್ಶನ. ಮುಖ್ಯ ಅತಿಥಿ ನಲವತ್ತು ನಿಮಿಷ ತಡವಾಗಿ ಬಂದ. ಸೋಫಾದಲ್ಲಿ ಕೂತು ಫೋನು ನೋಡಿದ. ಅರ್ಧಕ್ಕೇ ಎದ್ದ, ಇನ್ನೊಂದು ಕಡೆ ಹೋಗಬೇಕಂತೆ! ಮ್ಯಾನೇಜರ್ ಅವನ ಹಿಂದೆ ಕಾರಿನತನಕ ಓಡಿದ. ಸೋಫಾ ಖಾಲಿ.

ಆಗ ಕೊನೆಯ ದೃಶ್ಯ ಬಂತು. ನನ್ನ ಮೇಜು ಹುಲ್ಲುಹಾಸಿನ ಅಂಚಿನಲ್ಲಿತ್ತು. ಅಲ್ಲಿಂದ ನೋಡಿದರೆ ಮೆಟ್ಟಿಲುಗಳು ಸೊಟ್ಟಗೆ ಹರಿದುಕೊಂಡಿದ್ದವು, ಹೆಸರುಗಳು ತುಂಡು ತುಂಡಾಗಿ ಕಂಬಕ್ಕೊಂದು ಗೋಡೆಗೊಂದು ಬಿದ್ದಿದ್ದವು. ಪಕ್ಕದಲ್ಲೇ ಅಕ್ಕನ ಕೈ ಹಿಡಿದು ಅಮ್ಮ ನಿಂತಿದ್ದಳು. ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

"ಒಂದೂ ಗೊತ್ತಾಗ್ತಿಲ್ಲ. ಹೊಸ ಕನ್ನಡಕಾನೂ ದಂಡ ಆಯ್ತು. ನನ್ನ ಕಣ್ಣು ಹೋಯ್ತು ಕಣೆ" ಎಂದಳು.

ಅವಳ ಆಚೆಗಿದ್ದ ಮುದುಕಿಯೂ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಇಡೀ ಹುಲ್ಲುಹಾಸಿನಲ್ಲಿ ಒಬ್ಬರಾದರೂ ಚಿತ್ರ ಸರಿಯಿಲ್ಲ ಎನ್ನಲಿಲ್ಲ. ಎಲ್ಲರೂ ತಮ್ಮ ಕಣ್ಣನ್ನೇ ಬೈದುಕೊಂಡರು. ಅದನ್ನು ನೋಡಿ ನನ್ನ ತಲೆ ಸಿಡಿಯಿತು. ಹೆಸರುಗಳು ಗೋಡೆಯ ಮೇಲೇ ಉಳಿಯುವಂತೆ ದೃಶ್ಯವನ್ನು ಅಲ್ಲೇ ನಿಲ್ಲಿಸಿದೆ. ಎದ್ದು ಹೋಗಿ ಅಮ್ಮನ ಇನ್ನೊಂದು ಕೈ ಹಿಡಿದೆ.

"ಬಾ ನನ್ನ ಜೊತೆ."

ವೇದಿಕೆಯ ಹಗ್ಗದ ಹತ್ತಿರ ಅಮ್ಮ ಹಿಂಜರಿದಳು. "ಅಲ್ಲೆಲ್ಲ ನಾವು ಹೋಗಬಾರದು. ದೊಡ್ಡೋರ ಜಾಗ."

"ನಿನ್ನ ಹೆಸರು ನೋಡೋಕೆ ನಿನಗೆ ಯಾರ ಅಪ್ಪಣೆ ಬೇಕಮ್ಮ?" ಎಂದು ಅಕ್ಕ ಹಗ್ಗ ಎತ್ತಿ ಹಿಡಿದಳು.

ಸೋಫಾದಲ್ಲಿ ಕೂರಿಸಿದೆವು. ಅಮ್ಮ ತಲೆಯೆತ್ತಿದಳು. ತುಟಿ ಅಲುಗಿಸುತ್ತ ಕಣ್ಣಲ್ಲೇ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೆಳಗಿನಿಂದ ಎರಡನೆಯದರಲ್ಲಿ ನಿಂತಳು. ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಕಣ್ಣೊರೆಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಹುಲ್ಲುಹಾಸಿನ ಕಡೆ ತಿರುಗಿ ನೋಡಿದಳು. ಮುಖ ಗಂಟಾಯಿತು.

"ನನ್ನ ಕಣ್ಣು ಸರಿಯಾಗೇ ಇದೆ. ಅಂದ್ರೆ ಅಲ್ಲಿರೋರಿಗೆ ಕಾಣದ ಹಾಗೆ ಯಾರೋ ಮಾಡಿದಾರೆ. ಯಾರದು?"

"ನಾನೇ, ಅಮ್ಮ. ಮ್ಯಾನೇಜರ್ ಹೇಳಿದ, ಮಾಡಿದೆ."

ಅಮ್ಮ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಮಂಡಿ ಹಿಡಿದುಕೊಂಡು ಎದ್ದು, ವೇದಿಕೆಯ ಅಂಚಿಗೆ ಹೋಗಿ, ವಾರ್ಡಿನಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದಳು.

"ಯಾರ ಕಣ್ಣೂ ಹೋಗಿಲ್ಲ! ಎಲ್ರೂ ಇಲ್ಲಿಗೆ ಬನ್ನಿ, ಮೂರು ಮೂರು ಜನ ಕೂತ್ಕೊಂಡು ಓದಿ!"

ಮೊದಲು ಬಂದವಳು ಆ ಮುದುಕಿ. ಆಮೇಲೆ ಸಾಲೇ ಆಯಿತು. ಒದ್ದೆ ಹುಲ್ಲಿನ ಕಾಲುಗಳೆಲ್ಲ ಆ ಸೋಫಾದ ಮುಂದಿನ ರತ್ನಗಂಬಳಿ ತುಳಿದವು. ಕಾರು ಕಳಿಸಿ ಬಂದ ಮ್ಯಾನೇಜರ್ ಕೆಂಡಾಮಂಡಲನಾಗಿ, "ಆರಿಸ್ರೀ ಅದನ್ನ!" ಎಂದು ಮೇಜಿನ ಕಡೆ ನುಗ್ಗಿದ. ಅತಿಥಿಗೆ ಅಡ್ಡವೆಂದು ಯಾರೋ ವೇದಿಕೆಯ ಹಿಂದೆ ಬಿಸಾಡಿದ್ದ ಸ್ಟೂಲನ್ನು ಅಕ್ಕ ತಂದು ಮೇಜಿಗೆ ಅಡ್ಡ ಹಾಕಿ ಕೂತಳು. ನಾನು ಅವಳ ಪಕ್ಕದಲ್ಲಿ ನಿಂತೆ.

"ನಾಳೆಯಿಂದ ಇವಳೂ ಬರಲ್ಲ ಸರ್. ಇವತ್ತು ಮಾತ್ರ ಇರ್ತೀವಿ" ಎಂದಳು ಅಕ್ಕ.

ಆರುನೂರನೆಯವರು ಓದಿ ಏಳುವತನಕ ಅವಳು ಸ್ಟೂಲು ಬಿಟ್ಟು ಅಲುಗಲಿಲ್ಲ.