ಗೋಡೆಗೆ ಅಂಟಿದ ಆರನೇ ಅಂಶ

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳನ್ನು ಬದುಕಿಸಿದವರು ಹಲವರಿದ್ದಾರೆ. ಗೋಡೆಗೆ ಕಾಗದ ಅಂಟಿಸಿದವನು ನಾನೊಬ್ಬನೇ. ಇಪ್ಪತ್ತು ವರ್ಷ ಗುಮಾಸ್ತನಾಗಿ ಕಡತಗಳ ಧೂಳು ಕುಡಿದವನಿಗೆ, ಸೋಂಕಿನ ಕಾಲ ಬಂದದ್ದೇ ತಡ, ಮೇಲಿನಿಂದ ಬರುವ ಸುತ್ತೋಲೆಗಳನ್ನು ಪ್ರಿಂಟ್ ತೆಗೆದು ವಾರ್ಡಿನ ಬಾಗಿಲ ಪಕ್ಕ ಅಂಟಿಸುವ ಕೆಲಸ ಬಿತ್ತು. ಗುಂಡುಪಿನ್ನು ಚುಚ್ಚಬಾರದು, ಗ್ಲೌಸು ಹರಿಯುತ್ತದೆ ಎಂದು ಒಂದು ಸುತ್ತೋಲೆಯೇ ಹೇಳಿತ್ತು. ಹಾಗಾಗಿ ಗೋಂದು. ಫ್ಯಾನಿನ ಗಾಳಿಗೆ ಕಿತ್ತು ಬರಬಾರದೆಂದು ಹಿಂಬದಿಗೆಲ್ಲ ಧಾರಾಳವಾಗಿ ಮೆತ್ತುತ್ತಿದ್ದೆ. ನರ್ಸುಗಳು ನನಗೆ ‘ಗೋಂದು ಸಾರ್’ ಎಂದು ಹೆಸರಿಟ್ಟರು. ಮನೆಯಲ್ಲಿ ಹೇಳಿಕೊಂಡೆ.

“ಸದ್ಯ, ಇಷ್ಟ್ ವರ್ಷಕ್ಕೆ ಒಂದ್ ಕೆಲಸಕ್ಕಾದ್ರೂ ಅಂಟ್ಕೊಂಡ್ರಲ್ಲ,” ಎಂದಳು ಹೆಂಡತಿ.

ಇರಲಿ, ಹೇಳಬೇಕಾದದ್ದು ದೊಡ್ಡಕ್ಕನ ಕಥೆ. ದೊಡ್ಡಕ್ಕ ಎಂದರೆ ಸೋಂಕಿನ ವಾರ್ಡಿನ ಹಿರಿಯ ನರ್ಸು. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವರು. ಆದರೂ ಕಸ ಗುಡಿಸುವ ಅಜ್ಜಿಯಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವರು ದೊಡ್ಡಕ್ಕನೇ. ವಾರ್ಡಿನಲ್ಲಿ ಯಾರಿಗೆ ಏನು ತೋಚದಿದ್ದರೂ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: ದೊಡ್ಡಕ್ಕನ್ನ ಕೇಳಿ.

ಅವರ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್. ಕೆಲಸಕ್ಕೆ ಸೇರಿದಾಗಿನಿಂದ ಅದರಲ್ಲಿ ಪೆನ್ನಿನಲ್ಲೇ ಬರೆದವರು ಸೋಂಕು ಬಂದ ಎರಡನೇ ವಾರಕ್ಕೆ ಪೆನ್ಸಿಲ್ ಹಿಡಿದರು. ಕಾರಣ ಕೇಳಿದ್ದಕ್ಕೆ, “ಪೆನ್ನಲ್ಲಿ ಬರೆದ್ರೆ ಹೊಡೆದ್ ಹಾಕ್ಬೇಕು ಸಾರ್. ಪೆನ್ಸಿಲಾದ್ರೆ ಅಳಿಸ್ಬಹುದು, ಮರ್ಯಾದೆ ಉಳಿಯುತ್ತೆ,” ಎಂದರು. ಮಾತು ಸುಳ್ಳಲ್ಲ. ಸೋಮವಾರ ಎಲ್ಲರಿಗೂ ಕೊಡಿ ಎಂದಿದ್ದ ಮಾತ್ರೆಯನ್ನು ಬುಧವಾರ ಯಾರಿಗೂ ಕೊಡಬೇಡಿ ಎಂದಿದ್ದರು. ಶುಕ್ರವಾರ ಕೆಲವರಿಗೆ ಕೊಡಿ ಎಂದರು. ಯಾವ ಕೆಲವರು ಎಂಬುದು ಇನ್ನೊಂದು ಸುತ್ತೋಲೆಯಲ್ಲಿ ಬರಬೇಕಿತ್ತು. ಗೌನು ಒಂದು ಪದರವೋ ಎರಡೋ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಎಲ್ಲವೂ ಪೆನ್ಸಿಲ್ಲಿನಲ್ಲೇ ನಡೆಯುತ್ತಿತ್ತು.

ಆ ಪೆನ್ಸಿಲ್ಲಿನ ಹಿಂತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಅದು ಮಗಳದು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಆರು ವರ್ಷ. ಅವಳಪ್ಪ ಬಸ್ ಡ್ರೈವರು. ಬಸ್ಸುಗಳು ನಿಂತಿದ್ದರಿಂದ ಮನೆಯಲ್ಲೇ ಇದ್ದು ಮಗಳಿಗೆ ಜಡೆ ಹಾಕುವುದನ್ನು ಕಲಿಯುತ್ತಿದ್ದ. “ಸ್ಟೇರಿಂಗ್ ಇಷ್ಟ್ ತೊಂದ್ರೆ ಕೊಟ್ಟಿರ್ಲಿಲ್ಲ ಕಣೇ,” ಎಂದು ಫೋನಿನಲ್ಲಿ ಹೆಂಡತಿಯ ಹತ್ತಿರ ಗೋಳಾಡುತ್ತಿದ್ದನಂತೆ.

ಹೀಗಿರುವಾಗ ಬಂತು ಆ ಸುತ್ತೋಲೆ. ಸೋಂಕಿನ ವಾರ್ಡಿನಲ್ಲಿ ದುಡಿಯುವವರು ಆಸ್ಪತ್ರೆಯಲ್ಲೇ ತಂಗತಕ್ಕದ್ದು; ಕೊನೆಯ ಪಾಳಿ ಮುಗಿದ ಹದಿನಾಲ್ಕು ದಿನದ ನಂತರವೇ ಮನೆಗೆ ತೆರಳತಕ್ಕದ್ದು. ಅಂಟಿಸಿದೆ. ಎಲ್ಲರೂ ಓದಿದರು. ಬದಲಿ ಜನರಿಲ್ಲದ ಮೇಲೆ ಕೊನೆಯ ಪಾಳಿ ಬರುವುದಾದರೂ ಯಾವಾಗ ಎಂದು ಯಾರಿಗೂ ಹೊಳೆಯಲಿಲ್ಲ. ಕಾಗದದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ‘ಪುಟ ತಿರುಗಿಸಿ’ ಎಂದಿತ್ತು. ಹೊಸದಾಗಿ ಬಂದಿದ್ದ ಮರಿ ಡಾಕ್ಟರು ಅದನ್ನು ತೋರಿಸಿ, “ಗೋಂದು ಸಾರ್, ಗೋಡೆ ತಿರುಗ್ಸೋದ್ ಹೇಗೆ?” ಎಂದ. ಎಲ್ಲರೂ ನಕ್ಕೆವು. ನಾನಂತೂ ಜೋರಾಗಿಯೇ ನಕ್ಕೆ. ಅಷ್ಟು ಹೊತ್ತಿಗಾಗಲೇ ಸುತ್ತೋಲೆಗಳಲ್ಲಿ ಅರ್ಥವಾಗದ ಸಾಲುಗಳಿರುವುದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಇದೂ ಅಂಥದೇ ಒಂದು ಎಂದುಕೊಂಡೆವು.

ದೊಡ್ಡಕ್ಕ ಹಳೇ ದಾಖಲೆಗಳ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಮಂಚ ಹಾಕಿಕೊಂಡರು. ಗಿಡ್ಡ ಕಾಲಿಗೆ ನನ್ನ ಹಳೇ ಕಡತವೊಂದನ್ನು ಒತ್ತುಕೊಟ್ಟೆ. ನನ್ನ ಬರಹಕ್ಕೆ ಸಿಕ್ಕ ಮೊದಲ ಉಪಯೋಗ ಅದು. ಮನೆಗೆ ಹೋಗದ ತಪ್ಪಿಗೆ ದೊಡ್ಡಕ್ಕ ಎರಡೆರಡು ಪಾಳಿ ದುಡಿದರು. ಮೂಗಿನ ಮೇಲೆ ಮಾಸ್ಕಿನ ಗೆರೆ ಗಾಯವಾಯಿತು.

ಆರನೆಯ ದಿನ ಮಗಳ ಮುಂದಿನ ಹಲ್ಲು ಅಲುಗಾಡತೊಡಗಿತು. ಅದು ಮೊದಲನೇ ಹಲ್ಲು. ಅಪ್ಪ ಕೈ ಹಾಕಲು ಹೋದರೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳಂತೆ. “ಅಮ್ಮನೇ ಕೀಳ್ಬೇಕು. ಅಮ್ಮಂಗೆ ನೋವಾಗ್ದಂಗೆ ಕೀಳಕ್ ಬರುತ್ತೆ,” ಎಂದು ಒಂದೇ ಹಟ. ಆಮೇಲೆ ವಾರ್ಡಿನಲ್ಲಿ ಬೆಳಗಿನ ಮೊದಲ ಪ್ರಶ್ನೆ ಆ ಹಲ್ಲಿನದೇ ಆಯಿತು.

“ದೊಡ್ಡಕ್ಕ, ಇದ್ಯಾ?”

“ಇದೆ. ನಾಲ್ಗೇಲಿ ತಳ್ಳಿದ್ರೆ ಹೊರಗ್ ಬಂದು ಒಳಗ್ ಹೋಗುತ್ತಂತೆ. ಮೆತ್ತಗಿರೋದ್ ಬಿಟ್ಟು ಬೇರೇನೂ ತಿಂತಿಲ್ವಂತೆ, ಬಿದ್ಬಿಟ್ರೆ ಅಂತ.”

ಹದಿನಾಲ್ಕನೆಯ ದಿನ ಅವರು ಫೋನು ಮಾಡಿದಾಗ ಮಗಳು ಮಾತಾಡಲೇ ಇಲ್ಲ. ಮಾತಾಡಿದರೆ ಹಲ್ಲು ಅಲುಗುತ್ತದಂತೆ. 

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಇನ್ನೊಂದು ವಾರ್ಡು ತೆರೆದರು. ಎಲ್ಲ ಸುತ್ತೋಲೆಗಳನ್ನೂ ಅಲ್ಲಿಗೆ ಮತ್ತೆ ಪ್ರಿಂಟ್ ತೆಗೆಯಬೇಕಾಯಿತು. ಸಾಮಾನ್ಯವಾಗಿ ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿ ನನಗೆ ಕಾಗದದ ಅಂಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ದಿನ ಸ್ಟೂಲು ಹತ್ತಬೇಕಿದ್ದರಿಂದ, ಬಿದ್ದು ಸೊಂಟ ಮುರಿದರೆ ಹಾಸಿಗೆಯೂ ಸಿಗದು ಎಂದು ಹೆದರಿ ಕನ್ನಡಕ ಒರೆಸಿಕೊಂಡೆ. ಗೋಂದು ಮೆತ್ತಲು ಕಾಗದ ತಿರುಗಿಸಿದರೆ ಹಿಂಬದಿಯಲ್ಲೂ ಅಕ್ಷರ! ಕಾಗದದ ಕೊರತೆಯೆಂದು ಯಾರೋ ಪ್ರಿಂಟರನ್ನು ಎರಡೂ ಬದಿ ಮುದ್ರಿಸುವಂತೆ ಮಾಡಿಟ್ಟಿದ್ದರು.

ಓದಿದೆ. ಆರನೇ ಅಂಶ: ಪೂರ್ಣ ರಕ್ಷಣಾ ಉಡುಪು ಧರಿಸಿ ಕೆಲಸ ಮಾಡಿದವರಿಗೆ, ಯಾವುದೇ ಲಕ್ಷಣಗಳಿಲ್ಲದಿದ್ದರೆ, ಮೇಲಿನ ನಿಯಮ ಅನ್ವಯಿಸುವುದಿಲ್ಲ. ಅಂಥವರು ಪಾಳಿ ಮುಗಿದ ಮೇಲೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಹೋಗಬಹುದು; ಮನೆಯಲ್ಲಿ ಮಾಸ್ಕು, ಅಂತರ.

 ಯಾರಿಗೂ ಹೇಳದೆ ಇದನ್ನೂ ಅಂಟಿಸಿಬಿಟ್ಟರೆ ದೇವರಾಣೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಹಲ್ಲು ಕಣ್ಣ ಮುಂದೆ ಬಂತು.

ಕೆಳಗಿಳಿದು ದೊಡ್ಡಕ್ಕನ ಕೈಗೆ ಕಾಗದ ಕೊಟ್ಟೆ. “ಅಕ್ಕಾ, ತಪ್ಪಾಗೋಯ್ತು. ಇದರ ಇನ್ನೊಂದ್ ಪುಟ ಗೋಡೆ ಕಡೆಗಿತ್ತು.”

ಅವರು ಓದಿದರು. ಮತ್ತೊಮ್ಮೆ ಓದಿದರು. ನೆಟ್ಟಗೆ ಬಾಗಿಲ ಬಳಿ ಹೋಗಿ, ನಾನು ಅಂಟಿಸಿದ್ದ ಕಾಗದದ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದರು. ಸುಣ್ಣ ಬಂತು, ಕಾಗದ ಬರಲಿಲ್ಲ.

“ನಿಮ್ ಗೋಂದು ಚೆನ್ನಾಗಿದೆ ಸಾರ್.”

ಮಾಸ್ಕಿನ ಹಿಂದೆ ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಅವರಿಗೂ ಗೊತ್ತಾಗುತ್ತಿರಲಿಲ್ಲವೇನೋ.

“ಬೈರಿ ಅಕ್ಕಾ, ಬೈದ್ಬಿಡಿ,” ಎಂದೆ.

“ಬೈಬೇಕು ಅಂತಾನೇ ಇದೀನಿ. ಆದ್ರೆ ಏಳನೇ ಹಾಸಿಗೆ ಮೇಷ್ಟ್ರಿಗೆ ಉಸಿರು ಕಟ್ಟಿದಾಗ ನಾನಿಲ್ದೇ ಇದ್ದಿದ್ರೆ ಅವ್ರನ್ನ ಮಗುಚಿ ಮಲಗಿಸ್ತಿದ್ದೋರು ಯಾರು? ಮೊನ್ನೆ ಅವ್ರು ನಡ್ಕೊಂಡೇ ಮನೆಗೆ ಹೋದ್ರು. ಅದೂ ನಿಮ್ ಗೋಂದಿನ ಲೆಕ್ಕಕ್ಕೇ ಬರುತ್ತಾ? ನಂಗೇನೂ ತಿಳೀತಿಲ್ಲ ಸಾರ್.” ಕಾಗದ ಮಡಚುತ್ತ, “ಹದಿಮೂರ್ ದಿನ ನನ್ ಮಗು ಗಟ್ಟಿಯಾಗಿ ಏನೂ ಕಚ್ಚಿಲ್ಲ,” ಎಂದರು.

 ಮಧ್ಯಾಹ್ನ ಪಾಳಿ ಮುಗಿಸಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆರನೇ ಅಂಶವನ್ನು ಅಕ್ಷರಶಃ ಪಾಲಿಸಿ ದೊಡ್ಡಕ್ಕ ಹೊರಟರು.

ಅವರು ಹೋದ ಅರ್ಧ ಗಂಟೆಗೆ ಹೊಸ ಸುತ್ತೋಲೆ ಬಂತು. ಹಿಂದಿನ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಹೊಸ ಮಾರ್ಗಸೂಚಿ ಬರುವವರೆಗೆ ಸಿಬ್ಬಂದಿ ವಿವೇಚನೆಯಿಂದ ವರ್ತಿಸತಕ್ಕದ್ದು. ಹಿಂಬದಿ ನೋಡಿದೆ. ಖಾಲಿ. ಬೆಳಕಿಗೆ ಹಿಡಿದೂ ನೋಡಿದೆ. ಖಾಲಿಯೇ.

ಗೋಂದಿನ ಕುಂಚ ಕೈಯಲ್ಲಿ ಹಿಡಿದು ನಿಂತಿದ್ದಾಗ ಫೋನು ಬಡಿದುಕೊಂಡಿತು. ದೊಡ್ಡಕ್ಕ.

“ಸಾರ್, ಬಾಗಿಲ ಹೊರಗ್ ನಿಂತಿದೀನಿ. ಇವ್ಳು ಒಳಗ್ ನಿಂತಿದಾಳೆ. ಹಲ್ಲು ಒಂದ್ ಎಳೇಲಿದೆ. ಕೀಳ್ಬೇಕು ಅಂದ್ರೆ ಹತ್ರ ಹೋಗ್ಬೇಕು, ಅವ್ಳು ಮಾಸ್ಕ್ ತೆಗೀಬೇಕು. ಆ ಸುತ್ತೋಲೇಲಿ ಹಲ್ಲಿನ ಬಗ್ಗೆ ಏನಾದ್ರೂ ಇದ್ಯಾ?”

ಇಡೀ ಆಸ್ಪತ್ರೆ ಯಾರನ್ನು ಕೇಳುತ್ತಿತ್ತೋ ಅವರು ನನ್ನನ್ನು ಕೇಳುತ್ತಿದ್ದರು. ಕಾಗದವನ್ನು ಮತ್ತೆ ತಿರುಗಿಸಿದೆ.

“ಈಗ ಹೊಸ್ದು ಬಂದಿದೆ, ಎರಡೂ ಕಡೆ ನೋಡ್ದೆ ಅಕ್ಕಾ. ಹಲ್ಲಿನ ಬಗ್ಗೆ ಏನೂ ಇಲ್ಲ. ವಿವೇಚನೆಯಿಂದ ವರ್ತಿಸಿ ಅಂತ ಇದೆ.”

“ಅಂದ್ರೆ?”

“ನಂಗೊತ್ತಿಲ್ಲ ಅಕ್ಕಾ.”

 ಆ ಕಡೆ ಅಂಗಳದ ನಲ್ಲಿ ಬಿಟ್ಟ ಸದ್ದು. ಸೋಪಿನಲ್ಲಿ ಕೈ ತೊಳೆಯುತ್ತಿದ್ದಾರೆ. ತುಂಬ ಹೊತ್ತು ತೊಳೆದರು. “ನನ್ ಮಾಸ್ಕ್ ಇರುತ್ತೆ, ನೀನ್ ಉಸಿರು ಬಿಗಿ ಹಿಡ್ಕೊ. ಬಾಯಿ ಆ ಅನ್ನು,” ಎಂದದ್ದು ಕೇಳಿಸಿತು. ಮರುಕ್ಷಣ ಒಂದು ಪುಟ್ಟ ಕಿರುಚಾಟ. ಅದರ ಹಿಂದೆಯೇ ಗಾಳಿ ಸೋರುವ ಬಾಯಿಯ ಹೊಸ ದನಿ:

“ಅಮ್ಮಾ, ನೋವೇ ಆಗ್ಲಿಲ್ಲ! ಈಗ ಗಟ್ಟಿ ತಿನ್ಬಹುದಾ?”